ಹೃದಯ ಸಾಧನ ಧರಿಸಿದವರಲ್ಲಿ ಆತಂಕ ಮತ್ತು ಖಿನ್ನತೆ

ಪೇಸ್‌ಮೇಕರ್, ಐಸಿಡಿ, ಕೃತಕ ಕವಾಟ, ಹೃದಯಕ್ಕೆ ನೆರವಾಗುವ ಪಂಪು ಇವೆಲ್ಲ ಜೀವ ಉಳಿಸಲೆಂದು ದೇಹದೊಳಗೆ ಕೂರಿಸುವ ಸಾಧನಗಳು. ಹಾಕಿಸಿಕೊಂಡವರು ನಮ್ಮಲ್ಲಿ ಸಾಮಾನ್ಯವಾಗಿ 'ಎದೆಗೆ ಮಷಿನ್ ಹಾಕಿದ್ದಾರೆ' ಎನ್ನುತ್ತಾರೆ, ಇಲ್ಲವೇ 'ಬ್ಯಾಟರಿ ಇಟ್ಟಿದ್ದಾರೆ' ಎನ್ನುತ್ತಾರೆ. ಇವರಲ್ಲಿ ಒಂದಷ್ಟು ಮಂದಿಯನ್ನು ಬಿಡದೆ ಕಾಡುವ ಆತಂಕ, ಖಿನ್ನತೆ, ಕೆಲವೊಮ್ಮೆ ಆಘಾತೋತ್ತರ ಒತ್ತಡ ವೈದ್ಯಕೀಯದಲ್ಲಿ ಪ್ರತ್ಯೇಕ ಅಧ್ಯಯನದ ವಿಷಯವಾಗಿ ನಾಲ್ಕು ದಶಕಗಳಾಗುತ್ತ ಬಂದಿವೆ.

ಎಲ್ಲ ಸಾಧನಗಳೂ ಮನಸ್ಸನ್ನು ಒಂದೇ ರೀತಿ ತಟ್ಟುವುದಿಲ್ಲ. ಪೇಸ್‌ಮೇಕರ್ ಸದ್ದಿಲ್ಲದೆ ದುಡಿಯುತ್ತದೆ. ಹೆಚ್ಚಿನವರು ಕೆಲವು ತಿಂಗಳಲ್ಲಿ ಅದು ಒಳಗಿರುವುದನ್ನೇ ಮರೆಯುತ್ತಾರೆ. ಐಸಿಡಿಯ ರೀತಿಯೇ ಬೇರೆ. ಹೃದಯದ ಲಯ ಅಪಾಯಕರವಾಗಿ ತಪ್ಪಿದಾಗ ಅದು ಒಳಗಿನಿಂದಲೇ ಶಾಕ್ ಕೊಡುತ್ತದೆ, ಹೇಳದೆ ಕೇಳದೆ. ಸಂಶೋಧನೆಯ ಬಹುಪಾಲು ಅದರ ಸುತ್ತಲೇ ನಡೆದಿರುವುದರಿಂದ ಈ ಲೇಖನವೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಎರಡು ಯಂತ್ರಗಳ ಹುಟ್ಟು

ಸ್ವೀಡನ್ನಿನ ಆರ್ನೆ ಲಾರ್ಸನ್ 43ನೇ ವಯಸ್ಸಿಗೇ ದಿನಕ್ಕೆ ಹಲವು ಬಾರಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಅವರ ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ಇಳಿಯುತ್ತಿರಲಿಲ್ಲ. ಹೆಂಡತಿ ಎಲ್ಸೆ ಮೇರಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡಲಿಲ್ಲ. ಮನುಷ್ಯರಿಗೆ ಹಾಕಬಲ್ಲ ಯಂತ್ರ ಇನ್ನೂ ಸಿದ್ಧವಾಗಿಲ್ಲ ಎಂದರೂ ಆಕೆ ಕೇಳಲಿಲ್ಲ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕಾ ಆಸ್ಪತ್ರೆಯಲ್ಲಿ ಲಾರ್ಸನ್‌ರ ದೇಹದೊಳಗೆ ಇಟ್ಟ ಜಗತ್ತಿನ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ಓಡಿ ನಿಂತಿತು. ಮುಂದಿನ ದಶಕಗಳಲ್ಲಿ ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಒಂದಾದ ಮೇಲೊಂದು ಬದಲಿಸಲಾಯಿತು. 2001ರಲ್ಲಿ 86ನೇ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು ಹೃದಯದ ಕಾರಣಕ್ಕಲ್ಲ, ಕ್ಯಾನ್ಸರಿನಿಂದ. ಅಷ್ಟರಲ್ಲಿ ಸೆನ್ನಿಂಗ್ ಮತ್ತು ಎಲ್ಮ್‌ಕ್ವಿಸ್ಟ್ ಇಬ್ಬರೂ ತೀರಿಹೋಗಿದ್ದರು.

ಐಸಿಡಿ ಹುಟ್ಟಿದ್ದು ಒಂದು ಸಾವಿನಿಂದ. ವಾರ್ಸಾದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಮಿಷೆಲ್ ಮಿರೋವ್‌ಸ್ಕಿಯ ಗುರು ಹ್ಯಾರಿ ಹೆಲ್ಲರ್ ಹೃದಯದ ಲಯ ಕೆಟ್ಟು 1966ರಲ್ಲಿ ತೀರಿಕೊಂಡರು. ಅಂಥವರು ಎಲ್ಲೇ ಇದ್ದರೂ ಶಾಕ್ ಕೊಡುವ ಸಾಧನ ಒಳಗೇ ಇದ್ದಿದ್ದರೆ ಎಂಬ ಯೋಚನೆ ಮಿರೋವ್‌ಸ್ಕಿಯನ್ನು ಅಮೆರಿಕದ ಬಾಲ್ಟಿಮೋರಿಗೆ ಕರೆತಂದಿತು. ಅಲ್ಲಿ ಮಾರ್ಟನ್ ಮೋವರ್ ಜೊತೆಯಾದರು. ವಿರೋಧ ಕಡಿಮೆ ಇರಲಿಲ್ಲ. ಹೊರಗಿನಿಂದ ಶಾಕ್ ಕೊಡುವ ಆಧುನಿಕ ಯಂತ್ರಕ್ಕೆ ರೂಪ ಕೊಟ್ಟ ಬರ್ನಾರ್ಡ್ ಲೌನ್ ಅವರೇ 1972ರಲ್ಲಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿ ಬರೆದರು. 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಲೀವೈ ವಾಟ್ಕಿನ್ಸ್ ಮೊದಲ ಐಸಿಡಿ ಅಳವಡಿಸಿದರು. 1985ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಮೊದಮೊದಲು ಎದೆ ತೆರೆದು, ಯಂತ್ರವನ್ನು ಹೊಟ್ಟೆಯ ಭಾಗದಲ್ಲಿ ಇಡಬೇಕಿತ್ತು. ಸಾವಿನ ಬಾಗಿಲಿಗೆ ಹೋಗಿ ಬಂದವರಿಗಷ್ಟೇ ಅದು ಸಿಗುತ್ತಿತ್ತು. ಯಂತ್ರ ಚಿಕ್ಕದಾಗಿ ಕೊರಳೆಲುಬಿನ ಕೆಳಗೆ, ಚರ್ಮದಡಿ ಹಿಡಿಸುವಂತಾದ ಮೇಲೆ ಚಿತ್ರ ಬದಲಾಯಿತು. 1996ರಲ್ಲಿ ಮ್ಯಾಡಿಟ್, 2002ರಲ್ಲಿ ಮ್ಯಾಡಿಟ್-2, 2005ರಲ್ಲಿ ಎಸ್‌ಸಿಡಿ-ಹೆಫ್ಟ್ ಎಂಬ ದೊಡ್ಡ ಪ್ರಯೋಗಗಳು, ಹೃದಯದ ಪಂಪು ಮಾಡುವ ಶಕ್ತಿ ತೀರಾ ಕುಗ್ಗಿದವರಿಗೆ ಮುಂಜಾಗ್ರತೆಯಾಗಿಯೇ ಐಸಿಡಿ ಹಾಕಿದರೆ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿದವು. ಮನಸ್ಸಿನ ಲೆಕ್ಕ ಇಲ್ಲಿಂದ ಬೇರೆಯಾಗುತ್ತದೆ. ಒಮ್ಮೆ ಹೃದಯ ನಿಂತು ಬದುಕಿದವರಿಗೆ ಯಂತ್ರ ಎಂದರೆ ಕಾವಲು. ಹಾಗೇನೂ ಆಗದೆ, ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತದೆ ಎಂದು ಬಂದವರಿಗೆ 'ನಿಮ್ಮ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು, ಇದನ್ನು ಹಾಕಿಸಿಕೊಳ್ಳಿ' ಎಂದಾಗ ಕಾವಲಿನ ಜೊತೆಗೇ ಕಳ್ಳನ ಸುದ್ದಿಯೂ ಮನೆಗೆ ಬರುತ್ತದೆ.

ಶಾಕ್

ಐಸಿಡಿ ಲಯ ತಪ್ಪಿದ ಕೂಡಲೇ ಶಾಕ್ ಹೊಡೆಯುವುದಿಲ್ಲ. ಎಷ್ಟೋ ಸಲ ಮೊದಲು ವೇಗವಾದ ಸಣ್ಣ ಮಿಡಿತಗಳನ್ನು ಕಳಿಸಿ ಹೃದಯವನ್ನು ಹಳಿಗೆ ತರಲು ನೋಡುತ್ತದೆ. ಇದು ನೋವಿಲ್ಲದ್ದು, ಹಲವರಿಗೆ ಗೊತ್ತೂ ಆಗುವುದಿಲ್ಲ. ಅದು ಫಲಿಸದಿದ್ದರೆ ಸುಮಾರು 30ರಿಂದ 40 ಜೂಲ್‌ನಷ್ಟು ಶಕ್ತಿ ಕ್ಷಣಾರ್ಧದಲ್ಲಿ ಹೃದಯದ ಮೂಲಕ ಹಾದುಹೋಗುತ್ತದೆ. ಆ ಹೊತ್ತಿಗೆ ರೋಗಿಗೆ ಪ್ರಜ್ಞೆ ಇದ್ದರೆ ಎದೆಗೆ ಕುದುರೆ ಒದ್ದ ಹಾಗೆ ಅನ್ನಿಸುತ್ತದೆ. ದೇಶ ಯಾವುದಾದರೂ ರೋಗಿಗಳು ಹೆಚ್ಚಾಗಿ ಕೊಡುವ ವಿವರಣೆ ಇದೇ. ಕೈಯಲ್ಲಿದ್ದ ಲೋಟ ಬೀಳುತ್ತದೆ, ಬಾಯಿಂದ ಚೀತ್ಕಾರ ಹೊರಡುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ.

ನೋವಿಗಿಂತ ಹೆಚ್ಚು ಕಾಡುವುದು ಅದರ ಅನಿಶ್ಚಿತತೆ. ಸ್ನಾನ ಮಾಡುವಾಗ ಶಾಕ್ ಬಂದರೆ ಬಚ್ಚಲಿಗೆ ಒಬ್ಬರೇ ಹೋಗಲು ಹೆದರಿಕೆ. ಮಾರುಕಟ್ಟೆಯಲ್ಲಿ ಬಂದರೆ ಆ ಬೀದಿಯೇ ಬೇಡ. ಗಂಡ ಹೆಂಡತಿ ಒಟ್ಟಿಗಿದ್ದಾಗ ಬಂದರೆ ಆಮೇಲೆ ಹಾಸಿಗೆಗಳೇ ಬೇರೆಯಾಗುತ್ತವೆ. (ಶಾಕ್ ಬರುವಾಗ ಮುಟ್ಟಿಕೊಂಡಿರುವವರಿಗೆ ಹೆಚ್ಚೆಂದರೆ ಸಣ್ಣಗೆ ಜುಮ್ಮೆನ್ನಬಹುದು, ಅಪಾಯವಿಲ್ಲ. ಇದನ್ನು ಬಿಡುಗಡೆಯ ದಿನ ಬಾಯಿಬಿಟ್ಟು ಹೇಳುವ ವೈದ್ಯರು ಕಡಿಮೆ, ಕೇಳುವ ದಂಪತಿ ಇನ್ನೂ ಕಡಿಮೆ.) ಹೀಗೆ ಒಂದೊಂದೇ ಜಾಗ, ಒಂದೊಂದೇ ಕೆಲಸ ಬಿಡುತ್ತ ಹೋದಂತೆ ಬದುಕು ಎರಡು ಕೋಣೆಗಳಿಗೆ ಇಳಿಯುತ್ತದೆ. ಏನು ಮಾಡಿದರೂ ಬಿಟ್ಟರೂ ಬರುವುದು ಬಂದೇ ತೀರುತ್ತದೆ ಎಂಬ ನಂಬಿಕೆ ಗಟ್ಟಿಯಾದಲ್ಲಿ ಆತಂಕ ಖಿನ್ನತೆಗೆ ತಿರುಗುತ್ತದೆ. ಮನೋವಿಜ್ಞಾನಿಗಳು ಇದನ್ನು ವಿವರಿಸಲು 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ತಂಡ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ನೆನೆಯುತ್ತಾರೆ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳು, ಆಮೇಲೆ ತಗ್ಗಾದ ಅಡ್ಡಗೋಡೆ ಹಾರಿ ಪಾರಾಗಬಹುದಾಗಿದ್ದರೂ ಹಾರದೆ ಅಲ್ಲೇ ಉಳಿದವು.

ಇಲ್ಲದ ಶಾಕ್ ಬಂದಂತಾಗುವುದೂ ಉಂಟು. ರಾತ್ರಿ ನಿದ್ದೆಯಿಂದ ಎದ್ದು ಕೂತು 'ಈಗ ಹೊಡೆಯಿತು' ಎಂದು ಖಂಡಿತವಾಗಿ ಹೇಳುತ್ತಾರೆ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಆ ರಾತ್ರಿ ಏನೂ ನಡೆದೇ ಇಲ್ಲ. ಐಸಿಡಿ ತಾನು ಕೊಟ್ಟ ಪ್ರತಿ ಚಿಕಿತ್ಸೆಯನ್ನೂ ಗಂಟೆ ನಿಮಿಷ ಸಮೇತ ಬರೆದಿಡುತ್ತದೆ. ಇಂಥ ಭ್ರಮೆಯ ಶಾಕ್ ಬಂದವರನ್ನು 'ನಿಮಗೇನೂ ಆಗಿಲ್ಲ' ಎಂದು ಕಳಿಸುವುದು ಯಂತ್ರದ ಮಟ್ಟಿಗೆ ಸರಿ, ಮನುಷ್ಯರ ಮಟ್ಟಿಗೆ ತಪ್ಪು.

24 ಗಂಟೆಯೊಳಗೆ ಮೂರು ಅಥವಾ ಹೆಚ್ಚು ಬಾರಿ ಲಯ ಕೆಟ್ಟು ಯಂತ್ರ ಮಧ್ಯೆ ಬರಬೇಕಾದ ಸ್ಥಿತಿಗೆ ವೈದ್ಯರು ಎಲೆಕ್ಟ್ರಿಕಲ್ ಸ್ಟಾರ್ಮ್ ಎನ್ನುತ್ತಾರೆ. ಒಂದರ ಹಿಂದೊಂದು ಶಾಕ್ ತಿಂದವರಲ್ಲಿ ಯುದ್ಧ, ಅಪಘಾತ ಕಂಡವರಂತೆಯೇ ಆಘಾತೋತ್ತರ ಒತ್ತಡ ಬೇರೂರಬಹುದು. ಬೆಚ್ಚಿಬೀಳುವುದು, ಕೆಟ್ಟ ಕನಸು, ಆಸ್ಪತ್ರೆಯ ದಾರಿಯನ್ನೇ ತಪ್ಪಿಸುವುದು ಅದರ ಲಕ್ಷಣಗಳು.

ಎಷ್ಟು ಮಂದಿಗೆ?

2011ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ತಜ್ಞರು ಎದುರು ಕೂತು ಸಂದರ್ಶನ ಮಾಡಿದ ಕೆಲವೇ ಅಧ್ಯಯನಗಳಲ್ಲಿ ನೂರಕ್ಕೆ 11ರಿಂದ 28 ಮಂದಿಗೆ ಖಿನ್ನತೆ, 11ರಿಂದ 26 ಮಂದಿಗೆ ಆತಂಕದ ಕಾಯಿಲೆ ಇತ್ತು. ರೋಗಿಗಳೇ ಪ್ರಶ್ನಾವಳಿ ತುಂಬಿದ ಕಡೆ ಆತಂಕದ ಪ್ರಮಾಣ 8ರಿಂದ 63ರವರೆಗೆ ಹರಡಿಕೊಂಡಿತ್ತು. ಇಷ್ಟು ಅಗಲದ ಅಂಕಿ ರೋಗಿಗಳ ಬಗ್ಗೆ ಹೇಳುವುದಕ್ಕಿಂತ ಅಳತೆಗೋಲಿನ ಬಗ್ಗೆಯೇ ಹೆಚ್ಚು ಹೇಳುತ್ತದೆ. 2023ರಲ್ಲಿ ಬಂದ ಇನ್ನೂ ದೊಡ್ಡ ವಿಶ್ಲೇಷಣೆ 109 ಅಧ್ಯಯನಗಳ 39 ಸಾವಿರಕ್ಕೂ ಹೆಚ್ಚು ಐಸಿಡಿ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅದರ ಪ್ರಕಾರ ನೂರಕ್ಕೆ ಸುಮಾರು 23 ಮಂದಿಯಲ್ಲಿ ಗಮನಿಸಬೇಕಾದ ಮಟ್ಟದ ಆತಂಕ, 15 ಮಂದಿಯಲ್ಲಿ ಖಿನ್ನತೆ, 12 ಮಂದಿಯಲ್ಲಿ ಆಘಾತೋತ್ತರ ಒತ್ತಡ ಇದೆ. ಮಗ್ಗುಲು ಬದಲಿಸಿ ನೋಡಿದರೆ, ಮುಕ್ಕಾಲು ಪಾಲು ಜನ ಯಂತ್ರದೊಂದಿಗೆ ಹೊಂದಿಕೊಂಡು ನೆಮ್ಮದಿಯಾಗಿಯೇ ಇದ್ದಾರೆ.

ಯಂತ್ರವೇ ಮನಸ್ಸನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ಎಸ್‌ಸಿಡಿ-ಹೆಫ್ಟ್ ಪ್ರಯೋಗ ಒಳ್ಳೆಯ ಉತ್ತರ ಕೊಟ್ಟಿದೆ, ಏಕೆಂದರೆ ಅಲ್ಲಿ ಯಾರಿಗೆ ಯಂತ್ರ, ಯಾರಿಗೆ ಬರೀ ಔಷಧಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. 2008ರಲ್ಲಿ ಹೊರಬಂದ ಫಲಿತಾಂಶದಂತೆ, ಐಸಿಡಿ ಹಾಕಿಸಿಕೊಂಡವರ ಮಾನಸಿಕ ನೆಮ್ಮದಿ 3 ಮತ್ತು 12ನೇ ತಿಂಗಳಲ್ಲಿ ಉಳಿದವರಿಗಿಂತ ಚೆನ್ನಾಗಿತ್ತು. 30ನೇ ತಿಂಗಳಿಗೆ ವ್ಯತ್ಯಾಸ ಉಳಿಯಲಿಲ್ಲ. ಆ ಅಳತೆಗೆ ಹಿಂದಿನ ಒಂದು ತಿಂಗಳೊಳಗೆ ಶಾಕ್ ಬಂದಿದ್ದವರ ಬದುಕಿನ ಗುಣಮಟ್ಟ ಮಾತ್ರ ಕುಸಿದಿತ್ತು.

ಹಾಗಾದರೆ ಎಲ್ಲಕ್ಕೂ ಶಾಕ್ ಒಂದೇ ಕಾರಣವೇ? ಹಾಗೆ ಹೇಳಿಬಿಡುವುದು ಸುಲಭ, ಆದರೆ ಪುರಾವೆ ಅಷ್ಟು ಒಮ್ಮತದಿಂದಿಲ್ಲ. ಒಂದೂ ಶಾಕ್ ಬಾರದೆ ನಿದ್ದೆ ಕಳೆದುಕೊಂಡವರಿದ್ದಾರೆ, ಹಲವು ಶಾಕ್ ತಿಂದು ಗದ್ದೆ ಕೆಲಸಕ್ಕೆ ಮರಳಿದವರೂ ಇದ್ದಾರೆ. ನೆದರ್‌ಲೆಂಡಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಡೆನೊಲೆಟ್, ಸೂಸನ್ ಪೆಡರ್ಸನ್ ಮೊದಲಾದವರು, ದುಗುಡವನ್ನು ಒಳಗೇ ಇಟ್ಟುಕೊಂಡು ಯಾರಲ್ಲೂ ಹೇಳಿಕೊಳ್ಳದ ಸ್ವಭಾವದವರನ್ನು ಟೈಪ್ ಡಿ ಎಂದು ಗುರುತಿಸಿದರು. ಅಂಥವರಲ್ಲಿ, ಮತ್ತು ಯಂತ್ರದ ಬಗ್ಗೆ ಮೊದಲಿನಿಂದಲೂ ಅನುಮಾನ ಹೊತ್ತವರಲ್ಲಿ, ಆತಂಕ ಹೆಚ್ಚು. ಹೆಂಗಸರು ಮತ್ತು 50ರೊಳಗಿನವರು ಹೆಚ್ಚು ಬಾಧಿತರು ಎಂದು ಹಲವು ಅಧ್ಯಯನಗಳು ಕಂಡಿವೆ. ಸಾಧನ ಕೂರಿಸುವ ಮೊದಲೇ ರೋಗಿಯೊಡನೆ ನಡೆಯಬೇಕಾದ ಮಾತು ಹಲವು ಕಡೆ ಒಪ್ಪಿಗೆ ಪತ್ರದ ಸಹಿಯಲ್ಲೇ ಮುಗಿಯುತ್ತದೆ ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು.

ಮನಸ್ಸಿನಿಂದ ಹೃದಯಕ್ಕೆ

ಸಂಬಂಧ ಎರಡು ದಿಕ್ಕಿಗೂ ಹರಿಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕ್ ಪ್ರದೇಶದ 200 ಐಸಿಡಿ ರೋಗಿಗಳ ಯಂತ್ರಗಳ ದಾಖಲೆ ತೆಗೆದು ನೋಡಿದಾಗ, ಮುಂದಿನ ಒಂದು ತಿಂಗಳಲ್ಲಿ ಅಪಾಯಕರ ಲಯಭಂಗ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಸಿಟ್ಟು ಬಂದ ಹೊತ್ತಿನ ನಂತರ ಶಾಕ್ ಹೆಚ್ಚು ಎಂಬುದನ್ನು ರೋಗಿಗಳ ದಿನಚರಿ ಇಟ್ಟು ಮಾಡಿದ ಅಧ್ಯಯನ 2002ರಲ್ಲಿ ತೋರಿಸಿತು. ಖಿನ್ನತೆ ತೀವ್ರವಾಗಿದ್ದವರಲ್ಲಿ ಶಾಕ್ ಬೇಕಾಗುವ ಸಂದರ್ಭಗಳೂ ಹೆಚ್ಚು ಎಂದು 2005ರ ಇನ್ನೊಂದು ಅಧ್ಯಯನ ಕಂಡಿತು. ಜರ್ಮನಿಯಲ್ಲಿ ಲಾಡ್‌ವಿಗ್ ತಂಡ 147 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಆಘಾತೋತ್ತರ ಒತ್ತಡದ ಲಕ್ಷಣ ಇದ್ದವರಲ್ಲಿ ಸಾವಿನ ಅಪಾಯ ಮೂರು ಪಟ್ಟಿಗಿಂತ ಹೆಚ್ಚು ಎಂದು 2008ರಲ್ಲಿ ವರದಿ ಮಾಡಿತು. ಶಾಕ್ ಹೆದರಿಕೆ ಹುಟ್ಟಿಸುತ್ತದೆ, ಹೆದರಿಕೆ ಅಡ್ರಿನಲಿನ್ ಏರಿಸುತ್ತದೆ, ಅಡ್ರಿನಲಿನ್ ಲಯ ಕೆಡಿಸುತ್ತದೆ. ಐಸಿಡಿ ರೋಗಿಯ ಮನಸ್ಸನ್ನು ವಿಚಾರಿಸುವುದು ಹೃದ್ರೋಗ ಚಿಕಿತ್ಸೆಯ ಹೊರಗಿನ ಉಪಚಾರವೆಂದು ಭಾವಿಸುವವರಿಗೆ ಈ ಸರಪಳಿಯೇ ಉತ್ತರ.

ಯಂತ್ರದ ಮೇಲಿನ ನಂಬಿಕೆ ಅಲುಗಿದಾಗ

2007ರ ಅಕ್ಟೋಬರಿನಲ್ಲಿ ಮೆಡ್‌ಟ್ರಾನಿಕ್ ಕಂಪನಿ ಸ್ಪ್ರಿಂಟ್ ಫಿಡೆಲಿಸ್ ಎಂಬ ತನ್ನ ತಂತಿಯ ಮಾರಾಟ ನಿಲ್ಲಿಸಿತು. ಯಂತ್ರವನ್ನು ಹೃದಯಕ್ಕೆ ಜೋಡಿಸುವ ಈ ತೆಳು ತಂತಿ ಒಳಗೇ ಮುರಿಯುವ ಸಂಭವ ಹೆಚ್ಚಿತ್ತು, ಮುರಿದರೆ ಹುಸಿ ಸಂಕೇತ ಹುಟ್ಟಿ ಸುಮ್ಮಸುಮ್ಮನೆ ಶಾಕ್ ಬರುತ್ತಿತ್ತು. ಆ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 2,68,000 ಜನರಲ್ಲಿ ಅದು ಕೂತಾಗಿತ್ತು. ಹೊರಗೆ ತೆಗೆಯುವುದೂ ಅಪಾಯ, ಬಿಡುವುದೂ ಅಪಾಯ. ತಂತಿ ಚೆನ್ನಾಗಿಯೇ ಇದ್ದ ಬಹುಪಾಲು ಜನ ಮುಂದಿನ ವರ್ಷಗಳನ್ನು ಕಾಯುತ್ತ ಕಳೆದರು. ಕೆಲವು ಐಸಿಡಿಗಳು ತೊಂದರೆ ಪತ್ತೆಯಾದಾಗ ಎದೆಯೊಳಗಿಂದಲೇ ಬೀಪ್ ಸದ್ದು ಮಾಡುತ್ತವೆ. ಅದು ಎಚ್ಚರಿಕೆಗೆಂದು ಮಾಡಿದ ಏರ್ಪಾಡು. ಮನೆಯಲ್ಲಿ ಯಾರ ಫೋನ್ ಸದ್ದು ಮಾಡಿದರೂ ಎದೆ ಧಸಕ್ ಎನ್ನುವ ರೋಗಿಗಳನ್ನೂ ಅದು ಸೃಷ್ಟಿಸಿದೆ.

ಹ್ಯಾಕಿಂಗ್ ಭಯ ಹೊಸದು. ಅಮೆರಿಕದ ಮಾಜಿ ಉಪಾಧ್ಯಕ್ಷ ಡಿಕ್ ಚೆನಿ, ಅಧಿಕಾರದಲ್ಲಿದ್ದಾಗ ತಮ್ಮ ಐಸಿಡಿಯ ನಿಸ್ತಂತು ಸಂಪರ್ಕವನ್ನು ವೈದ್ಯರು ಕಡಿದುಹಾಕಿದ್ದರೆಂದು 2013ರಲ್ಲಿ ಟೀವಿ ಸಂದರ್ಶನದಲ್ಲಿ ಹೇಳಿದರು. 2017ರಲ್ಲಿ ಎಫ್‌ಡಿಎ ಸುಮಾರು 4,65,000 ಪೇಸ್‌ಮೇಕರ್‌ಗಳ ಸಾಫ್ಟ್‌ವೇರನ್ನು ಸುರಕ್ಷತೆಗಾಗಿ ನವೀಕರಿಸಲು ಸೂಚಿಸಿತು. ಸಾಮಾನ್ಯ ರೋಗಿಗೆ ಇದರಿಂದ ಆಗಬಹುದಾದ ಅಪಾಯಕ್ಕಿಂತ ಸುದ್ದಿಯಿಂದ ಆದ ಕಳವಳವೇ ದೊಡ್ಡದು.

ಮೈದಾನ, ಸ್ಟೀರಿಂಗ್, ಅಡುಗೆಮನೆ

ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಕಪ್ ಪಂದ್ಯದ ನಡುವೆ ಕುಸಿದುಬಿದ್ದದ್ದನ್ನು ಜಗತ್ತೇ ನೋಡಿತು. ಹೃದಯ ನಿಂತಿತ್ತು. ಐಸಿಡಿ ಹಾಕಿದ ಮೇಲೆ ಇಟಲಿಯ ನಿಯಮಗಳು ಅಡ್ಡಬಂದು ಇಂಟರ್ ಮಿಲಾನ್ ಬಿಡಬೇಕಾಯಿತು. 2022ರಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ತಂಡದಲ್ಲಿ ಮತ್ತೆ ಆಡಿದರು, 2024ರ ಯೂರೋ ಕಪ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಗೋಲು ಹೊಡೆದರು. ಅವರದು ಒಂಟಿ ಉದಾಹರಣೆಯಲ್ಲ. 2013ರಲ್ಲಿ ಪ್ರಕಟವಾದ, ಐಸಿಡಿ ಇರುವ 372 ಕ್ರೀಡಾಪಟುಗಳ ದಾಖಲೆಯಲ್ಲಿ ಹಲವರಿಗೆ ಆಟದ ನಡುವೆ ಶಾಕ್ ಬಂದಿತ್ತು, ಆದರೆ ಲಯಭಂಗದಿಂದ ಆಡುವಾಗ ಯಾರೂ ಸತ್ತಿರಲಿಲ್ಲ. ಅಂಗಳ ದಾಟಲೂ ಹೆದರುವ ರೋಗಿಗೆ ಹೇಳಬಹುದಾದ ಒಳ್ಳೆಯ ಸುದ್ದಿಗಳಲ್ಲಿ ಇದೂ ಒಂದು.

ವಾಹನ ಓಡಿಸುವ ವಿಷಯ ಅಷ್ಟು ಹಗುರವಲ್ಲ. ಬ್ರಿಟನ್ನಿನಲ್ಲಿ ಲಯಭಂಗದಿಂದ ಬದುಕುಳಿದು ಐಸಿಡಿ ಹಾಕಿಸಿಕೊಂಡವರು ಆರು ತಿಂಗಳು ಕಾರು ಮುಟ್ಟುವಂತಿಲ್ಲ. ಲಾರಿ, ಬಸ್ಸುಗಳ ಚಾಲನೆ ಸಾಮಾನ್ಯವಾಗಿ ಕಾಯಂ ನಿಷೇಧ. ಸ್ಟೀರಿಂಗೇ ಅನ್ನವಾಗಿರುವವರಿಗೆ ಯಂತ್ರ ಬರುವುದೆಂದರೆ ಕೆಲಸ ಹೋಗುವುದು. ಅಂಥವರ ಖಿನ್ನತೆಯ ಮೂಲವನ್ನು ಎದೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮನೆಯವರ ಕಥೆ ಬೇರೆ. ಗಂಡನಿಗೋ ಹೆಂಡತಿಗೋ ರೋಗಿಯಷ್ಟೇ, ಕೆಲವೊಮ್ಮೆ ರೋಗಿಗಿಂತ ಹೆಚ್ಚು ಆತಂಕ ಇರುತ್ತದೆ. 'ಬಕೆಟ್ ಎತ್ತಬೇಡಿ', 'ಮಗುವನ್ನು ಎತ್ತಿಕೊಳ್ಳಬೇಡಿ', 'ಮೊಬೈಲ್ ಮುಟ್ಟಬೇಡಿ' ಎಂಬ ಬೇಡಗಳ ಪಟ್ಟಿ ಬೆಳೆಯುತ್ತದೆ. ತಂತಿ ಕೂರುವವರೆಗೆ, ಅಂದರೆ ಮೊದಲ ನಾಲ್ಕಾರು ವಾರ, ಆ ಬದಿಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಎಂದು ಹೇಳಿರುತ್ತಾರೆ. ಹೆದರಿಕೆಯಿಂದ ತಿಂಗಳುಗಟ್ಟಲೆ ಕೈ ಆಡಿಸದೆ ಭುಜವೇ ಹಿಡಿದುಕೊಂಡು ಮೂಳೆ ವೈದ್ಯರ ಬಳಿ ಹೋದವರಿದ್ದಾರೆ. ಮೊಬೈಲನ್ನು ಅಂಗಿಯ ಎಡ ಜೇಬಿನಲ್ಲಿ ಇಡದೆ, ಯಂತ್ರದಿಂದ 15 ಸೆಂಟಿಮೀಟರ್ ದೂರ, ಇನ್ನೊಂದು ಕಿವಿಗೆ ಹಿಡಿದರೆ ಸಾಕು. ಇಂಡಕ್ಷನ್ ಒಲೆಯಿಂದ ಸುಮಾರು ಎರಡು ಅಡಿ ದೂರ ನಿಂತರೆ ಅಡುಗೆಗೆ ಅಡ್ಡಿಯಿಲ್ಲ. ದೇವಸ್ಥಾನ, ಮಾಲ್‌ಗಳ ಮೆಟಲ್ ಡಿಟೆಕ್ಟರ್ ಚೌಕಟ್ಟಿಗೆ ಒರಗದೆ ಸುಮ್ಮನೆ ದಾಟಬಹುದು. ಮಿಕ್ಸಿ, ಟೀವಿ, ಫ್ರಿಜ್ ಸುಸ್ಥಿತಿಯಲ್ಲಿದ್ದರೆ ನಿರಪಾಯ. ನಿಜವಾಗಿ ಎಚ್ಚರ ಬೇಕಾದದ್ದು ಅರ್ತಿಂಗ್ ಸರಿಯಿಲ್ಲದ ವಾಷಿಂಗ್ ಮಷಿನ್, ಮೋಟಾರುಗಳ ಬಗ್ಗೆ. ಅವುಗಳಿಂದ ಸೋರುವ, ಬೇರೆಯವರಿಗೆ ತಿಳಿಯದಷ್ಟು ಸಣ್ಣ ವಿದ್ಯುತ್ತನ್ನು ಐಸಿಡಿ ಹೃದಯದ ಲಯಭಂಗವೆಂದು ತಪ್ಪು ತಿಳಿದು ಶಾಕ್ ಕೊಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಪಂಪ್‌ಸೆಟ್ ಇರುವ ರೈತರಿಗೆ ಈ ಮಾತನ್ನು ಇಂಗ್ಲಿಷ್ ಕೈಪಿಡಿಯ ಕೊನೆಯ ಪುಟದಲ್ಲಿ ಬಿಡದೆ ಕನ್ನಡದಲ್ಲಿ ಹೇಳಬೇಕು.

ಟಿಕ್ ಟಿಕ್ ಮತ್ತು ಪ್ಲಗ್

ಲೋಹದ ಕವಾಟದ ತೊಂದರೆ ಕಿವಿಯದು. ಪ್ರತಿ ಬಡಿತಕ್ಕೂ ಮುಚ್ಚಿಕೊಳ್ಳುವ ಬಿಲ್ಲೆಯ ಟಿಕ್ ಸದ್ದು ರಾತ್ರಿ ನಿಶ್ಶಬ್ದದಲ್ಲಿ ಕೇಳುತ್ತದೆ. ಕೆಲವರಿಗೆ ಅದು ಬದುಕಿದ್ದೇನೆಂಬ ಖಾತರಿ, ಕೆಲವರಿಗೆ ನಿದ್ದೆಯ ಶತ್ರು. ಬಾಲ್ಯದ ರುಮಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಭಾರತದಲ್ಲಿ ಬಹಳ, ಅವರಲ್ಲಿ ಹರೆಯದವರೇ ಹೆಚ್ಚು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಕಡಿಮೆ ಬೆಲೆಯ ಕವಾಟ 1990ರಲ್ಲಿ ಮೊದಲ ಬಾರಿ ಬಳಕೆಗೆ ಬಂದ ಮೇಲೆ ಇಂಥವರಲ್ಲಿ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆ ಕೈಗೆಟುಕಿತು. ಆದರೆ ರಕ್ತ ಹೆಪ್ಪುಗಟ್ಟದಿರಲು ಜೀವಮಾನವಿಡೀ ಮಾತ್ರೆ, ಮತ್ತೆ ಮತ್ತೆ ರಕ್ತಪರೀಕ್ಷೆ ತಪ್ಪುವುದಿಲ್ಲ. ಅದೇ ಮಾತ್ರೆ ಬಸಿರಿನಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಎದೆಯ ನಡುವಿನ ಗಾಯದ ಗುರುತು, ಮದುವೆಯ ಮಾತು, ಮಗು ಬೇಕೆಂಬ ಮನೆಯವರ ಒತ್ತಾಯ ಇವೆಲ್ಲ ಸೇರಿ ಇಪ್ಪತ್ತೆರಡರ ಹುಡುಗಿಯ ಮೇಲೆ ಬೀಳುವ ಭಾರಕ್ಕೂ, ಅರವತ್ತೈದರ ಐಸಿಡಿ ರೋಗಿಯ ಚಿಂತೆಗೂ ಹೋಲಿಕೆಯೇ ಇಲ್ಲ.

ಎಲ್‌ವ್ಯಾಡ್ ಎಂಬ ಪಂಪು ಸೋತ ಹೃದಯದ ಎಡ ಕೋಣೆಯ ಕೆಲಸವನ್ನು ತಾನೇ ಮಾಡುತ್ತದೆ. ಹೊಟ್ಟೆಯ ಚರ್ಮದಿಂದ ಹೊರಬರುವ ಕೇಬಲ್, ಸೊಂಟಕ್ಕೆ ಕಟ್ಟಿದ ಬ್ಯಾಟರಿ, ರಾತ್ರಿ ಗೋಡೆಯ ಪ್ಲಗ್ಗು. ಈಗಿನ ಪಂಪುಗಳು ರಕ್ತವನ್ನು ನಿರಂತರ ಹರಿಸುವುದರಿಂದ ಹಲವರ ನಾಡಿಯೇ ಕೈಗೆ ಸಿಗುವುದಿಲ್ಲ. ಕರೆಂಟ್ ಹೋಗುವ ಊರುಗಳಲ್ಲಿ ಇದರ ಆತಂಕ ಏನೆಂದು ವಿವರಿಸಬೇಕಿಲ್ಲ.

ಗುರುತಿಸುವುದು

ಖಿನ್ನತೆಯ ಲಕ್ಷಣಗಳೂ ಹೃದಯ ಸೋಲುವ ಲಕ್ಷಣಗಳೂ ಅರ್ಧಕ್ಕರ್ಧ ಒಂದೇ: ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು. ಇದರ ಜೊತೆಗೆ, ಲಯ ಕಾಯುವ ಅಮಿಯೊಡರೋನ್ ಮಾತ್ರೆಯಲ್ಲಿ ಅಯೋಡಿನ್ ಇರುವುದರಿಂದ ಥೈರಾಯ್ಡ್ ಏರುಪೇರಾಗಬಹುದು. ಇಳಿದರೆ ಮಂಕು, ಏರಿದರೆ ಚಡಪಡಿಕೆ. ಮನೋವೈದ್ಯರ ಬಳಿ ಕಳಿಸುವ ಮೊದಲು ಒಂದು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಜಾಣತನ.

ನಮ್ಮ ರೋಗಿಗಳು 'ಖಿನ್ನತೆ' ಎಂಬ ಪದ ಬಳಸುವುದು ಅಪರೂಪ. 'ಏನೋ ಒಂಥರಾ ಆಗುತ್ತೆ', 'ಮನಸ್ಸಿಗೆ ಸಮಾಧಾನ ಇಲ್ಲ', 'ಯಾವುದೂ ಬೇಡ ಅನ್ಸುತ್ತೆ' ಎನ್ನುತ್ತಾರೆ, ಇಲ್ಲವೇ ಎದೆ ಮುಟ್ಟಿ ತೋರಿಸುತ್ತಾರೆ. ಇಸಿಜಿ ಸರಿಯಿದೆ ಎಂದು ಮಾತು ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. 1983ರಲ್ಲಿ ರೂಪುಗೊಂಡ ಎಚ್‌ಎಡಿಎಸ್ ಎಂಬ 14 ಪ್ರಶ್ನೆಗಳ ಪಟ್ಟಿ ದೈಹಿಕ ಲಕ್ಷಣಗಳನ್ನು ಬೇಕೆಂದೇ ದೂರವಿಟ್ಟಿದೆ, ಹಾಗಾಗಿ ಹೃದ್ರೋಗಿಗಳಿಗೆ ಒಗ್ಗುತ್ತದೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಇನ್ನೂ ಚಿಕ್ಕದು. ಶಾಕ್ ಭಯವನ್ನಷ್ಟೇ ಅಳೆಯುವ ಮಾಪಕವನ್ನು ಅಮೆರಿಕದ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಸಿಯರ್ಸ್ ಮತ್ತು ಸಂಗಡಿಗರು ಫ್ಲಾರಿಡಾದಲ್ಲಿ ಸಿದ್ಧಪಡಿಸಿದರು.

ಚಿಕಿತ್ಸೆ

ಮೊದಲ ಚಿಕಿತ್ಸೆ ಯಂತ್ರಕ್ಕೇ. 2012ರಲ್ಲಿ ಪ್ರಕಟವಾದ ಮ್ಯಾಡಿಟ್-ಆರ್‌ಐಟಿ ಪ್ರಯೋಗ 1,500 ರೋಗಿಗಳಲ್ಲಿ ಐಸಿಡಿಯನ್ನು ಸ್ವಲ್ಪ ತಾಳ್ಮೆಯಿಂದ ವರ್ತಿಸುವಂತೆ ಹೊಂದಿಸಿ ನೋಡಿತು. ಬಡಿತ ಇನ್ನಷ್ಟು ಏರುವವರೆಗೆ ಅಥವಾ ಇನ್ನಷ್ಟು ಹೊತ್ತು ಕಾಯುವಂತೆ ಮಾಡಿದಾಗ ಅನಗತ್ಯ ಚಿಕಿತ್ಸೆ ಮುಕ್ಕಾಲು ಪಾಲಿಗಿಂತ ಹೆಚ್ಚು ತಗ್ಗಿತು, ಸಾವುಗಳೂ ಕಡಿಮೆಯಾದವು. ಅಂದರೆ ಅದಕ್ಕಿಂತ ಮುಂಚೆ ರೋಗಿಗಳು ಅನುಭವಿಸಿದ ಎಷ್ಟೋ ಆಘಾತ ಬರೀ ಸೆಟ್ಟಿಂಗ್‌ನ ಅವಸರದ ಫಲ.

ಎರಡನೆಯದು ಒಂದು ಚೀಟಿ. ಒಂದು ಶಾಕ್ ಬಂದು ಆರಾಮಾಗಿದ್ದರೆ ಕ್ಲಿನಿಕ್ಕಿಗೆ ಫೋನ್ ಮಾಡಿ. ಒಂದಕ್ಕಿಂತ ಹೆಚ್ಚು ಬಂದರೆ, ಅಥವಾ ಒಂದೇ ಬಂದರೂ ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು ಇದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಸಿಯರ್ಸ್ ಮತ್ತಿತರರು ಶಾಕ್ ಯೋಜನೆ ಎಂದು ಪ್ರಚುರಪಡಿಸಿದ ಇದು ಅನಿಶ್ಚಿತತೆಗೆ ಒಂದು ಅಂಚು ಕಟ್ಟುತ್ತದೆ. ಇದನ್ನು ಬರೆದುಕೊಡಲು ಯಾವ ಉಪಕರಣವೂ ಬೇಕಿಲ್ಲ.

ಅರಿವು-ವರ್ತನಾ ಚಿಕಿತ್ಸೆಗೆ ಇರುವ ಪುರಾವೆ ಗಟ್ಟಿಯಾಗಿದೆ. ಬಿಟ್ಟ ಕೆಲಸಗಳನ್ನು ಹಂತಹಂತವಾಗಿ ಮತ್ತೆ ಹಿಡಿಸುವುದು, 'ಎದೆ ಡವಡವ ಎಂದರೆ ಶಾಕ್ ಬಂದೇ ಬಿಡುತ್ತದೆ' ಎಂಬಂಥ ತೀರ್ಮಾನಗಳನ್ನು ಪರೀಕ್ಷೆಗೆ ಒಡ್ಡುವುದು ಅದರ ತಿರುಳು. ಡೆನ್ಮಾರ್ಕಿನಲ್ಲಿ ತರಬೇತಿ ಪಡೆದ ಹೃದ್ರೋಗ ವಿಭಾಗದ ನರ್ಸುಗಳೇ ಇದನ್ನು ನಡೆಸಿ ಆತಂಕ ಇಳಿಸಿದ್ದಾರೆ. ಮೇಲ್ವಿಚಾರಣೆಯಲ್ಲಿ ನಡೆಸುವ ವ್ಯಾಯಾಮವೂ ನೆರವಾಗುತ್ತದೆ, ಏದುಸಿರು ಬಂದರೂ ಏನೂ ಆಗಲಿಲ್ಲವೆಂಬುದನ್ನು ದೇಹವೇ ಕಲಿಯುವುದರಿಂದ. ಎಲ್ಲ ಪ್ರಯೋಗಗಳೂ ಗೆದ್ದಿಲ್ಲ. ನೆದರ್‌ಲೆಂಡಿನ ವೆಬ್‌ಕೇರ್ ಪ್ರಯೋಗ 289 ರೋಗಿಗಳಲ್ಲಿ ಒಂದು ಗುಂಪಿಗೆ ಅಂತರ್ಜಾಲದ ಮೂಲಕ ಇಂಥದೇ ಪಾಠ ಕೊಟ್ಟು, 2014ರಲ್ಲಿ ಲಾಭ ಕಾಣಲಿಲ್ಲ ಎಂದು ವರದಿ ಮಾಡಿತು. ಅರ್ಧಕ್ಕೇ ಬಿಟ್ಟವರು ಬಹಳ. ಆತಂಕ ಇದ್ದವರನ್ನು ಆರಿಸದೆ ಎಲ್ಲರಿಗೂ ಒಂದೇ ಮದ್ದು ಹಂಚಿದ್ದು ಸೋಲಿಗೆ ಒಂದು ಕಾರಣವಿರಬೇಕು.

ಮಾತ್ರೆಗಳಲ್ಲಿ ಆಯ್ಕೆ ಮುಖ್ಯ. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂಥ ಹಳೆಯ ಔಷಧಿಗಳು ಹೃದಯದ ವಿದ್ಯುತ್ ಹಾದಿಯನ್ನು ನಿಧಾನಗೊಳಿಸುತ್ತವೆ, ಇಂಥವರಿಗೆ ಸಲ್ಲವು. ಸಿಟಲೋಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದು 2011ರಲ್ಲಿ ಎಫ್‌ಡಿಎ ಎಚ್ಚರಿಸಿತು. ಸರ್ಟ್ರಲಿನ್ ಹೃದ್ರೋಗಿಗಳಿಗೆ ನಿರಪಾಯವೆಂದು 2002ರಲ್ಲಿ 369 ಜನರ ಪ್ರಯೋಗ ತೋರಿಸಿದೆ. ಆದರೆ ಹೃದಯ ಸೋಲಿನ ರೋಗಿಗಳಲ್ಲಿ ಇದೂ, ಎಸ್‌ಸಿಟಲೋಪ್ರಾಮೂ ಖಿನ್ನತೆ ಇಳಿಸುವುದರಲ್ಲಿ ಸಕ್ಕರೆ ಗುಳಿಗೆಗಿಂತ ಮೇಲಾಗಲಿಲ್ಲ ಎಂಬುದು 2010 ಮತ್ತು 2016ರ ಪ್ರಯೋಗಗಳ ನಿರಾಶೆಯ ಫಲಿತಾಂಶ.

ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಗೂ ನಿಮ್ಹಾನ್ಸ್‌ಗೂ ನಡುವೆ ಕೆಲವೇ ಕಿಲೋಮೀಟರ್. ಹೃದಯಕ್ಕೂ ಮನಸ್ಸಿಗೂ ದೇಶದಲ್ಲೇ ಹೆಸರಾದ ಎರಡು ಸರ್ಕಾರಿ ಆಸ್ಪತ್ರೆಗಳು ಇಷ್ಟು ಹತ್ತಿರ ಇರುವುದು ಅಪರೂಪದ ಅನುಕೂಲ. ದೂರದ ಊರಿನವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ಸೇವೆಗೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಆರು ತಿಂಗಳಿಗೊಮ್ಮೆ ಬ್ಯಾಟರಿ ನೋಡಿಸಲು ಬರುವ ರೋಗಿಗೆ ಆ ಹತ್ತು ನಿಮಿಷದಲ್ಲೇ ಎರಡು ಪ್ರಶ್ನೆ ಕೇಳಿ, ಬೇಕಾದವರನ್ನು ಈ ಸೇವೆಗಳತ್ತ ಕಳಿಸುವುದು ಖರ್ಚಿಲ್ಲದ ಕೆಲಸ.

ಕೊನೆಗಾಲದ ಪ್ರಶ್ನೆ

ಕ್ಯಾನ್ಸರೋ ಮುಪ್ಪೋ ಬಂದು ಸಾವು ಹತ್ತಿರವಾದಾಗಲೂ ಐಸಿಡಿ ತನ್ನ ಕೆಲಸ ಬಿಡುವುದಿಲ್ಲ. 2004ರಲ್ಲಿ ಅಮೆರಿಕದಲ್ಲಿ, ತೀರಿಕೊಂಡ 100 ಐಸಿಡಿ ರೋಗಿಗಳ ಮನೆಯವರನ್ನು ಮಾತನಾಡಿಸಿದಾಗ, ಶಾಕ್ ನಿಲ್ಲಿಸುವ ಬಗ್ಗೆ ವೈದ್ಯರು ಚರ್ಚಿಸಿದ್ದು 27 ಮಂದಿಯ ವಿಷಯದಲ್ಲಷ್ಟೇ ಎಂದು ಗೊತ್ತಾಯಿತು. ಎಂಟು ಮಂದಿಗೆ ಕೊನೆಯುಸಿರಿನ ನಿಮಿಷಗಳಲ್ಲೂ ಶಾಕ್ ಹೊಡೆದಿತ್ತು. ಶಾಕ್ ನಿಲ್ಲಿಸಲು ಶಸ್ತ್ರಚಿಕಿತ್ಸೆ ಬೇಡ, ಪ್ರೋಗ್ರಾಮರ್ ಸಾಧನದಿಂದ ಹೊರಗಿನಿಂದಲೇ ಸಾಧ್ಯ. ತುರ್ತಿದ್ದರೆ ಎದೆಯ ಮೇಲೆ ಅಯಸ್ಕಾಂತ ಇಟ್ಟರೂ ಸಾಮಾನ್ಯವಾಗಿ ಶಾಕ್ ತಡೆಯುತ್ತದೆ. ಪೇಸ್‌ಮೇಕರ್ ಭಾಗ ಓಡುತ್ತಲೇ ಇರುತ್ತದೆ, ಹಾಗಾಗಿ ಶಾಕ್ ನಿಲ್ಲಿಸಿದ ಕೂಡಲೇ ಸಾವು ಬರುವುದಿಲ್ಲ. ಇದು ದಯಾಮರಣವಲ್ಲ, ರೋಗಿಯ ಹಕ್ಕು ಎಂದು ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ 2010ರಲ್ಲಿ ಸ್ಪಷ್ಟಪಡಿಸಿತು.

ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯ ಸಾವಿನ ಹಕ್ಕನ್ನು ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮುಂಗಡ ಇಚ್ಛಾಪತ್ರ ಈಗ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪಿನ ಜಾರಿಗೆ ಸುತ್ತೋಲೆ ಹೊರಡಿಸಿತು. ಐಸಿಡಿ ಇರುವವರು ಅಂಥ ಪತ್ರ ಬರೆಯುವುದಾದರೆ ವೆಂಟಿಲೇಟರ್ ಜೊತೆಗೆ ಶಾಕ್ ವಿಷಯವನ್ನೂ ಒಂದು ಸಾಲಿನಲ್ಲಿ ಸೇರಿಸುವುದು, ಯಂತ್ರದ ಗುರುತಿನ ಕಾರ್ಡ್ ಎಲ್ಲಿದೆ ಎಂದು ಮನೆಯವರಿಗೆ ತೋರಿಸಿಡುವುದು ಒಳ್ಳೆಯದು.